ಫೋಲ್ಡರ್ ಫಂಕ್ಷನ್‌ಗಳನ್ನು ಓರಣ ಮಾಡಿದ್ದು: ಕೈಕೆಲಸ, ಆಟೊಪೆಪ್8, ಬ್ಲ್ಯಾಕ್, ರಫ್

ಕೋಲಾರದ ಎಪಿಎಂಸಿಯಲ್ಲಿ ನಾಲ್ಕೈದು ಟೊಮೇಟೊ ಮಂಡಿಗಳಿಗೆ ನಾವು ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೇವೆ. ಹರಾಜಾದ ಮೇಲೆ ಚೀಟಿಗಳ ಸ್ಕ್ಯಾನ್, ಜೊತೆಗೆ ಗುಮಾಸ್ತರು ಟೈಪ್ ಮಾಡಿದ ವಿವರ, ಎರಡೂ ದಿನಾಂಕವಾರು ಫೋಲ್ಡರ್‌ಗಳಿಗೆ ಹೋಗುತ್ತವೆ. ಪ್ರೋಗ್ರಾಂ ಆ ಫೋಲ್ಡರ್‌ಗಳನ್ನೆಲ್ಲ ಸುತ್ತಿ, ಯಾವ ರೈತರದು ಎಷ್ಟು ಬಾಕ್ಸ್, ಯಾವ ದರಕ್ಕೆ ಹೋಯಿತು ಅಂತ ಸಂಜೆಗೆ ಪಟ್ಟಿ ತೆಗೆಯುತ್ತದೆ. ಬಾಕ್ಸ್ ಅಂದರೆ ಇಲ್ಲಿ 15 ಕಿಲೋ.

ಈ ಸುತ್ತುವ ಕೆಲಸವೆಲ್ಲ ಒಂದೇ ಪೈಥಾನ್ ಫೈಲಿನಲ್ಲಿದೆ. ಫೋಲ್ಡರ್ ಇಲ್ಲದಿದ್ದರೆ ಮಾಡುವುದು, ಒಳಗಿನದನ್ನು ಪಟ್ಟಿ ಮಾಡುವುದು, ಖಾಲಿಯಾದದ್ದನ್ನು ಅಳಿಸುವುದು, ಹಳೆಯದನ್ನು ಪಕ್ಕಕ್ಕಿಡುವುದು. ಆರು ವರ್ಷದಲ್ಲಿ ಮೂರು ಜನ ಕೈಯಾಡಿಸಿದ ಫೈಲು ಅದು. ಒಂದು ಫಂಕ್ಷನ್‌ಗೆ ಎರಡು ಸ್ಪೇಸ್ ಇಂಡೆಂಟ್, ಪಕ್ಕದ್ದಕ್ಕೆ ನಾಲ್ಕು. ‘ಫೋಲ್ಡರ್ ಇದೆಯಾ ನೋಡು, ಇಲ್ಲದಿದ್ದರೆ ಮಾಡು’ ಅನ್ನುವ ಒಂದೇ ಕೆಲಸ ನಾಲ್ಕು ಕಡೆ ನಾಲ್ಕು ಥರ ಬರೆದಿತ್ತು. ಮುಳಬಾಗಿಲಿನಿಂದ ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿ ಮೊದಲನೇ ವಾರವೇ ಕೇಳಿದಳು: “ಅಣ್ಣಾ, ಇದರಲ್ಲಿ ಯಾವುದನ್ನ ನೋಡಿ ಕಲೀಲಿ?” ಆ ಪ್ರಶ್ನೆಗೆ ಉತ್ತರ ಕೊಡಲೇಬೇಕು ಅಂತ ಈ ಕೆಲಸಕ್ಕೆ ಕೂತೆ. ಕೈಕೆಲಸ, ಜೊತೆಗೆ ಕೋಡನ್ನು ತಾವಾಗಿಯೇ ಓರಣ ಮಾಡುವ ಆಟೊಪೆಪ್8, ಬ್ಲ್ಯಾಕ್, ರಫ್ ಅನ್ನುವ ಮೂರು ಉಪಕರಣ, ಈ ನಾಲ್ಕು ದಾರಿಗಳನ್ನೂ ಅದೇ ಫೈಲಿನ ಮೇಲೆ ಪ್ರಯೋಗ ಮಾಡಿದ್ದೇನೆ.

ಮೊದಲು ಕೈಯಲ್ಲೇ ಮಾಡಿದೆ. ಕೈಯಲ್ಲಿ ಮಾಡುವಾಗ ಪ್ರತಿ ಸಾಲನ್ನೂ ಓದಲೇಬೇಕಾಗುತ್ತದೆ, ಅದು ದೊಡ್ಡ ಲಾಭ. ಸತ್ತುಹೋದ ಎರಡು ಫಂಕ್ಷನ್ ಸಿಕ್ಕಿದ್ದು ಹಾಗೆ; ಯಾರೂ ಕರೆಯದೆ ವರ್ಷಗಳಿಂದ ಅಲ್ಲೇ ಬಿದ್ದಿದ್ದವು. ಆದರೆ ಮೂರನೇ ದಿನಕ್ಕೆ ಕಣ್ಣು ಸೋತಿತು, ಸೋತ ಕಣ್ಣಲ್ಲಿ ಒಂದು ಸಾಲನ್ನು ಕೆಡಿಸಿದೆ.

ಆ ಸಾಲು ಇದ್ದದ್ದು ಪೈಥಾನ್‌ನ ಓಎಸ್.ವಾಕ್ ಬಳಸಿದ ಕಡೆ. ಅದು ಫೋಲ್ಡರ್ ಮರವನ್ನು ಮೇಲಿನಿಂದ ಕೆಳಗೆ ಸುತ್ತುತ್ತಾ, ಪ್ರತಿ ಹಂತದಲ್ಲೂ ಒಳಗಿನ ಫೋಲ್ಡರ್‌ಗಳ ಪಟ್ಟಿಯೊಂದನ್ನು ನಮ್ಮ ಕೈಗೆ ಕೊಡುತ್ತದೆ. ಆ ಪಟ್ಟಿಯಿಂದ ಒಂದು ಹೆಸರು ತೆಗೆದರೆ ಅದರೊಳಗೆ ಇಳಿಯುವುದಿಲ್ಲ. ಆದರೆ ತೆಗೆಯಬೇಕಾದದ್ದು ಅದೇ ಪಟ್ಟಿಯಿಂದ. ನಮ್ಮ ಕೋಡಿನಲ್ಲಿ ಆ ಪಟ್ಟಿಯ ಹೆಸರು ಡರ್ಸ್. ಅದಕ್ಕೇ ಹಳಬರು ‘ಡರ್ಸ್[:] =’ ಅಂತ, ಆವರಣದೊಳಗೆ ಎರಡು ಚುಕ್ಕಿ ಇಟ್ಟು, ‘ಹಳೆಯದು’ ಫೋಲ್ಡರನ್ನು ಬಿಟ್ಟು ಉಳಿದದ್ದನ್ನು ತುಂಬಿದ್ದರು. ನನ್ನ ಕಣ್ಣಿಗೆ ಆ ಆವರಣ ಯಾರೋ ಮರೆತು ಬಿಟ್ಟ ಕಸದ ಹಾಗೆ ಕಂಡಿತು. ತೆಗೆದು ‘ಡರ್ಸ್ =’ ಮಾಡಿದೆ. ಆಗ ಆದದ್ದೇನೆಂದರೆ, ಡರ್ಸ್ ಅನ್ನುವ ಹೆಸರು ಹೊಸ ಪಟ್ಟಿಗೆ ಅಂಟಿಕೊಂಡಿತು, ವಾಕ್ ತನ್ನ ಹಳೇ ಪಟ್ಟಿಯನ್ನೇ ಹಿಡಿದು ಮುಂದೆ ಹೋಯಿತು. ಎರರ್ ಬರಲಿಲ್ಲ, ಎಚ್ಚರಿಕೆಯೂ ಬರಲಿಲ್ಲ. ಸಂಜೆ ಮಂಡಿಯಿಂದ ಗುಮಾಸ್ತರ ಫೋನು: “ಸಾರ್, ಬಂದಿರೋ ಮಾಲಿಗಿಂತ ಲೆಕ್ಕದಲ್ಲಿ ಬಾಕ್ಸ್ ಜಾಸ್ತಿ ತೋರಿಸ್ತಾ ಐತೆ.” ಹೋದ ವರ್ಷದ ಚೀಟಿಗಳೂ ಅವತ್ತಿನ ಮೊತ್ತಕ್ಕೆ ಸೇರಿಕೊಂಡಿದ್ದವು. ಅವರು ಕಣ್ಣಿಟ್ಟು ನೋಡದಿದ್ದರೆ ತಪ್ಪು ಪಟ್ಟಿ ರೈತರ ಕೈ ಸೇರುತ್ತಿತ್ತು.

ಅವತ್ತಿನಿಂದ ಒಂದು ಕಟ್ಟುಪಾಡು ಮಾಡಿಕೊಂಡೆವು. ನಿಜವಾದ ಫೋಲ್ಡರ್‌ಗಳ ಒಂದು ಸಣ್ಣ ನಕಲನ್ನು ಪ್ರತ್ಯೇಕ ಇಟ್ಟಿದ್ದೇವೆ. ಕೋಡ್ ಮುಟ್ಟುವ ಮೊದಲು ಅದರ ಮೇಲೆ ಪ್ರೋಗ್ರಾಂ ಓಡಿಸಿ, ಹುಟ್ಟಿದ ಎಲ್ಲಾ ಫೈಲುಗಳ ಹೆಸರು ಮತ್ತು ಮೊತ್ತವನ್ನು ಬರೆದಿಡುವುದು. ಮುಟ್ಟಿದ ಮೇಲೆ ಮತ್ತೆ ಓಡಿಸಿ, ಎರಡನ್ನೂ ಡಿಫ್ ಮಾಡುವುದು, ಅಂದರೆ ಎಲ್ಲೆಲ್ಲಿ ವ್ಯತ್ಯಾಸ ಇದೆ ಅಂತ ಹೋಲಿಸುವುದು. ಮುಂದಿನ ಮೂರು ಪ್ರಯೋಗಗಳನ್ನೂ ಈ ಅಳತೆಗೋಲಿನಿಂದಲೇ ಅಳೆದೆ.

ಆಟೊಪೆಪ್8 ಹೆಸರೇ ಹೇಳುವಂತೆ ಪೆಪ್ 8ಕ್ಕೆ ತಕ್ಕ ಹಾಗೆ ತಿದ್ದುವ ಉಪಕರಣ. ಪೆಪ್ 8 ಅಂದರೆ 2001ರಲ್ಲಿ ಬಂದ ಪೈಥಾನ್ ಶೈಲಿ ಕೈಪಿಡಿ, ಸಾಲಿಗೆ 79 ಅಕ್ಷರದ ಮಿತಿ ಅದರದ್ದೇ. ಈ ಉಪಕರಣದಲ್ಲಿ ನನಗೆ ಇಷ್ಟವಾದದ್ದು ಅದರ ಸಂಕೋಚ. ತಪ್ಪಿರುವಲ್ಲಿ ಮಾತ್ರ ಮುಟ್ಟುತ್ತದೆ, ಉಳಿದದ್ದನ್ನು ಬರೆದವರ ಇಷ್ಟಕ್ಕೆ ಬಿಡುತ್ತದೆ. ಹಾಗಾಗಿ ಡಿಫ್ ಚಿಕ್ಕದು, ಕೂತು ಓದಬಹುದು. ನಷ್ಟವೂ ಅಲ್ಲೇ: ಮೂರು ಜನರ ಮೂರು ಕೈಬರಹ ಹಾಗೇ ಉಳಿಯಿತು. ಒಂಟಿ ಕೋಟು, ಜೋಡಿ ಕೋಟು ಎರಡೂ ಇದ್ದಲ್ಲೇ ಇದ್ದವು. ಹುಡುಗಿಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಅದರ ‘ಅಗ್ರೆಸಿವ್’ ಆಯ್ಕೆಯನ್ನೂ ಹಾಕಿ ನೋಡಿದೆ. ಅದನ್ನು ಬಳಸುವವರಿಗೆ ಒಂದು ಮಾತು. ನಮ್ಮ ಹಳೇ ಕೋಡಿನಲ್ಲಿ ಫೋಲ್ಡರ್ ಮಾಡುವ ಸಾಲಿನ ಕೆಳಗೆ ಬರೀ ‘ಎಕ್ಸೆಪ್ಟ್’, ಅದರ ಕೆಳಗೆ ‘ಪಾಸ್’ ಇತ್ತು; ಯಾವ ಎರರ್ ಬಂದರೂ ಏನೂ ಮಾಡದೆ ಮುಂದೆ ಹೋಗು ಅಂತ ಅರ್ಥ. ಫೋಲ್ಡರ್ ಮೊದಲೇ ಇದ್ದರೆ ಸುಮ್ಮನಿರಲಿ ಅನ್ನುವುದು ಬರೆದವರ ಉದ್ದೇಶ. ಆದರೆ ಡಿಸ್ಕ್ ತುಂಬಿದ್ದರೂ, ಅನುಮತಿ ಇಲ್ಲದಿದ್ದರೂ ಅದು ಸುಮ್ಮನೇ ಇರುತ್ತದೆ. ಆಟೊಪೆಪ್8 ಅದನ್ನು ‘ಎಕ್ಸೆಪ್ಟ್ ಬೇಸ್‌ಎಕ್ಸೆಪ್ಷನ್’ ಅಂತ ತಿದ್ದಿತು. ಅದರ ಅರ್ಥವೂ ‘ಯಾವ ಎರರ್ ಆದರೂ’ ಅಂತಲೇ. ಶೈಲಿಯ ದೂರು ಹೋಯಿತು, ರೋಗ ಹೋಗಲಿಲ್ಲ. ಇದಕ್ಕೆ ನಿಜವಾದ ಮದ್ದು ಪೈಥಾನ್ 3.2ರಿಂದಲೇ ಇದೆ: ಫೋಲ್ಡರ್ ಮಾಡುವ ಮೇಕ್‌ಡರ್ಸ್‌ಗೆ ‘ಎಕ್ಸಿಸ್ಟ್_ಓಕೆ’ ನಿಜ ಅಂತ ಕೊಟ್ಟರೆ ಸಾಕು. ಫೋಲ್ಡರ್ ಇದ್ದರೆ ಸುಮ್ಮನಿರುತ್ತದೆ, ಬೇರೆ ತೊಂದರೆ ಏನೇ ಇದ್ದರೂ ಎರರ್ ಕೊಡುತ್ತದೆ. ‘ಇದೆಯಾ ನೋಡು, ಇಲ್ಲದಿದ್ದರೆ ಮಾಡು’ ಅನ್ನುವ ಎರಡು ಹೆಜ್ಜೆಗಿಂತ ಇದೇ ಭದ್ರ, ಏಕೆಂದರೆ ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಇನ್ನೊಂದು ಪ್ರೋಗ್ರಾಂ ಅದೇ ಫೋಲ್ಡರ್ ಮಾಡಿಬಿಡಬಹುದು. ಒಂದೇ ಹೊತ್ತಿಗೆ ಎರಡು ಸ್ಕ್ಯಾನರ್ ಓಡುವ ಮಂಡಿಯಲ್ಲಿ ನಮಗೆ ಇದು ಆಗಿದೆ. ನಾಲ್ಕು ಥರದ ಬರವಣಿಗೆಯೂ ಈ ಒಂದು ಸಾಲಿಗೆ ಇಳಿಯಿತು.

ಬ್ಲ್ಯಾಕ್‌ದು ಬೇರೆಯೇ ಸ್ವಭಾವ. 2018ರಲ್ಲಿ ವುಕಾಶ್ ಲಾಂಗಾ ಶುರು ಮಾಡಿದ್ದು. ಕೇಳುವುದೇ ಇಲ್ಲ, ಇಡೀ ಫೈಲನ್ನು ತನ್ನ ಅಚ್ಚಿಗೆ ಹಾಕಿ ತೆಗೆಯುತ್ತದೆ: ಸಾಲು 88 ಅಕ್ಷರ, ಎಲ್ಲಾ ಕಡೆ ಜೋಡಿ ಕೋಟು, ಕೊನೆಯಲ್ಲಿ ಅಲ್ಪವಿರಾಮ ಇದ್ದರೆ ಒಂದೊಂದು ಐಟಂ ಒಂದೊಂದು ಸಾಲಿಗೆ. ಓಡಿಸಿ ಫೈಲು ತೆರೆದಾಗ ಒಬ್ಬರೇ ಬರೆದಂತೆ ಕಂಡಿತು, ನಿಜಕ್ಕೂ ಖುಷಿಯಾಯಿತು. ನನಗೆ ಧೈರ್ಯ ಕೊಟ್ಟ ಗುಣ ಇನ್ನೊಂದು: ತಿದ್ದುವ ಮೊದಲಿನ ಕೋಡು, ತಿದ್ದಿದ ಮೇಲಿನ ಕೋಡು ಎರಡರ ರಚನೆಯನ್ನೂ ಪಾರ್ಸ್ ಮಾಡಿ ಹೋಲಿಸುತ್ತದೆ, ಅರ್ಥ ಬೇರೆಯಾಗಿದ್ದರೆ ಫೈಲಿಗೆ ಬರೆಯುವುದೇ ಇಲ್ಲ. ನಾನು ಕೈಯಲ್ಲಿ ಮಾಡಿದ ಡರ್ಸ್ ತಪ್ಪನ್ನು ಬ್ಲ್ಯಾಕ್ ಎಂದಿಗೂ ಮಾಡುವುದಿಲ್ಲ. ನಕಲು ಫೋಲ್ಡರ್‌ಗಳ ಮೇಲೆ ಡಿಫ್ ಸೊನ್ನೆ.

ಬೇಸರವಾದದ್ದು ಒಂದೇ ಕಡೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಮಾರುಕಟ್ಟೆಗಳಿಗೆ ಯಾವ ಫೋಲ್ಡರ್ ಅನ್ನುವ ಪಟ್ಟಿಯನ್ನು ಹಿಂದಿನವರು ಕಂಬ ಕಂಬವಾಗಿ, ಅಕ್ಷರಕ್ಕೆ ಅಕ್ಷರ ಕೂರಿಸಿ ಬರೆದಿದ್ದರು. ಬ್ಲ್ಯಾಕ್ ನಡುವಿನ ಸ್ಪೇಸ್ ಎಲ್ಲಾ ಎಳೆದುಹಾಕಿತು. ಆ ಪಟ್ಟಿಯ ಮೇಲೆ ‘ಎಫ್‌ಎಂಟಿ: ಆಫ್’, ಕೆಳಗೆ ‘ಎಫ್‌ಎಂಟಿ: ಆನ್’ ಅಂತ ಕಾಮೆಂಟ್ ಹಾಕಿ ಉಳಿಸಿಕೊಂಡೆ. ಇನ್ನು ಗಿಟ್ ಬ್ಲೇಮ್ ಪ್ರಶ್ನೆ. ಗಿಟ್ ಅಂದರೆ ಕೋಡಿನ ಇತಿಹಾಸ ಇಡುವ ಉಪಕರಣ, ಬ್ಲೇಮ್ ಅಂದರೆ ಯಾವ ಸಾಲು ಯಾರದು ಅಂತ ತೋರಿಸುವ ಅದರ ಆಜ್ಞೆ. ಎಲ್ಲಾ ಸಾಲಿಗೂ ನನ್ನ ಹೆಸರೇ ಬಂದುಬಿಟ್ಟರೆ ಯಾವುದನ್ನು ಯಾರು, ಏಕೆ ಬರೆದರು ಅನ್ನುವುದು ಕಳೆದುಹೋಗುತ್ತದೆ. ಶೈಲಿಯ ಕಮಿಟ್ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆ) ಒಂದನ್ನೇ ಪ್ರತ್ಯೇಕ ಮಾಡಿ, ಅದರ ಸಂಖ್ಯೆಯನ್ನು ‘ಬ್ಲೇಮ್ ಇಗ್ನೋರ್ ರೆವ್ಸ್’ ಫೈಲಿನಲ್ಲಿ ಬರೆದಿಟ್ಟು, ಆ ಫೈಲನ್ನು ನೋಡು ಅಂತ ಗಿಟ್‌ಗೆ ಹೇಳಿದರೆ ಅದು ಆ ಕಮಿಟ್ ಹಾದು ಹಿಂದಿನವರ ಹೆಸರು ತೋರಿಸುತ್ತದೆ. 2019ರಲ್ಲಿ ಬಂದ ಗಿಟ್ 2.23ರಿಂದ ಈ ಸೌಲಭ್ಯವಿದೆ.

ರಫ್ 2022ರಲ್ಲಿ ಬಂತು, ರಸ್ಟ್ ಭಾಷೆಯಲ್ಲಿ ಬರೆದದ್ದು, ವೇಗದ ಬಗ್ಗೆ ಎಲ್ಲರೂ ಹೇಳುತ್ತಾರೆ. ನಮ್ಮ ಒಂದು ಫೈಲಿಗೆ ಆ ವೇಗದಿಂದ ಆಗಬೇಕಾದದ್ದು ಏನಿಲ್ಲ. ಅದರ ಫಾರ್ಮ್ಯಾಟ್ ಆಜ್ಞೆ ಕೊಟ್ಟದ್ದು ಹೆಚ್ಚುಕಡಿಮೆ ಬ್ಲ್ಯಾಕ್ ಕೊಟ್ಟದ್ದೇ. ವ್ಯತ್ಯಾಸ ಇರುವುದು ತಪಾಸಣೆಯಲ್ಲಿ. ಬರೀ ‘ಎಕ್ಸೆಪ್ಟ್’ ಇದ್ದಲ್ಲೆಲ್ಲ ಬೆರಳಿಟ್ಟು ತೋರಿಸಿತು, ಬೇಸ್‌ಎಕ್ಸೆಪ್ಷನ್ ಅಂತ ಮುಚ್ಚಿಹಾಕಲಿಲ್ಲ. ತಾನೇ ತಿದ್ದಬಹುದಾದದ್ದನ್ನೂ ‘ಸೇಫ್’, ‘ಅನ್‌ಸೇಫ್’ ಅಂತ ಎರಡು ಪಾಲು ಮಾಡಿ, ಎರಡನೆಯದನ್ನು ಕೇಳದೆ ಮುಟ್ಟುವುದಿಲ್ಲ.

ಆದರೆ ಸೇಫ್ ಅಂದದ್ದೆಲ್ಲ ನಮಗೆ ಸೇಫ್ ಆಗಲಿಲ್ಲ. ಈ ಫೈಲು ಶಟಿಲ್ ಅನ್ನುವ (ಫೈಲು ನಕಲು ಮಾಡುವಂಥ ಕೆಲಸಗಳ) ಪೈಥಾನ್ ಲೈಬ್ರರಿಯನ್ನು ಇಂಪೋರ್ಟ್ ಮಾಡಿಕೊಂಡು ಒಳಗೆಲ್ಲೂ ಬಳಸಿರಲಿಲ್ಲ. ರಫ್ ‘ಬಳಕೆಯಲ್ಲಿಲ್ಲ’ ಅಂತ ತೆಗೆಯಿತು. ರಾತ್ರಿ ಬ್ಯಾಕಪ್ ಮಾಡುವ ಇನ್ನೊಂದು ಸ್ಕ್ರಿಪ್ಟ್ ಶಟಿಲ್ ಅನ್ನು ಈ ಫೈಲಿನ ಮೂಲಕವೇ ತರಿಸಿಕೊಳ್ಳುತ್ತಿತ್ತು! ನಕಲಿನ ಮೇಲೆ ಓಡಿಸಿದ್ದರಿಂದ ಅಲ್ಲೇ ಸಿಕ್ಕಿಬಿತ್ತು. ಎಲ್ಲರೂ ಬಳಸುವ ಯುಟಿಲಿಟಿ ಫೈಲಿನಲ್ಲಿ ಇಂಪೋರ್ಟ್ ತೆಗೆಯುವ ಮೊದಲು ಇಡೀ ಪ್ರಾಜೆಕ್ಟಿನಲ್ಲಿ ಆ ಹೆಸರನ್ನು ಹುಡುಕಿ ನೋಡಿ.

ರಫ್‌ನಲ್ಲಿ ಪಿಟಿಎಚ್ ಅನ್ನುವ ನಿಯಮಗಳ ಗುಂಪಿದೆ. ಆನ್ ಮಾಡಿದರೆ, ಫೈಲು ಫೋಲ್ಡರ್‌ಗಳ ದಾರಿ ಬರೆಯುವ ಹಳೇ ಓಎಸ್.ಪಾತ್ ಬಳಸಿದಲ್ಲೆಲ್ಲ ‘ಪಾತ್‌ಲಿಬ್ ಬಳಸಿ’ ಅನ್ನುತ್ತದೆ. ಪಾತ್‌ಲಿಬ್ ಅದೇ ಕೆಲಸದ ಹೊಸ ಲೈಬ್ರರಿ, 2014ರ ಪೈಥಾನ್ 3.4ರಿಂದ ಇದೆ. ಜಾಯಿನ್ ಒಳಗೆ ಜಾಯಿನ್ ಇದ್ದ ಸಾಲುಗಳು ಅದರಲ್ಲಿ ಒಂದು ಗೀಟು ಹಾಕಿ ಸೇರಿಸಿದಷ್ಟು ಸರಳವಾದವು, ಓದುವುದಕ್ಕೆ ಹಿತ. ಹುಡುಗಿಗೆ ಇದನ್ನೇ ಕಲಿ ಅಂತ ಹೇಳಿದ್ದೇನೆ. ಆದರೆ ಇದು ಶೈಲಿಯ ತಿದ್ದುಪಡಿ ಅಲ್ಲ, ಕೋಡಿನ ಅರ್ಥಕ್ಕೇ ಕೈ ಹಾಕುವ ಕೆಲಸ. ನಮಗೆ ಬಂದ ಪೆಟ್ಟು ಹೇಳುತ್ತೇನೆ.

ಮಂಡಿಯಲ್ಲಿ ದಿನಾಂಕ ಬರೆಯುವುದು ಚುಕ್ಕಿ ಇಟ್ಟು: 15.07.2024. ಫೋಲ್ಡರಿನ ಹೆಸರೂ ಅದೇ. ಹಳೇ ಕೋಡು ಆ ಹೆಸರಿನ ಬಾಲಕ್ಕೆ ‘.ಸಿಎಸ್‌ವಿ’ ಅಂಟಿಸಿ ಪಟ್ಟಿಯ ಫೈಲು ಮಾಡುತ್ತಿತ್ತು. ಪಾತ್‌ಲಿಬ್‌ಗೆ ಬದಲಾಯಿಸುವಾಗ ಬಾಲ (ಸಫಿಕ್ಸ್) ಬದಲಿಸುವ ‘ವಿತ್_ಸಫಿಕ್ಸ್’ ಹಾಕಿದೆವು, ಸಾಲು ಚೆನ್ನಾಗಿ ಕಂಡಿತು. ಆದರೆ ಪಾತ್‌ಲಿಬ್ ಕಣ್ಣಿಗೆ ಕೊನೇ ಚುಕ್ಕಿಯ ಮುಂದಿರುವುದೆಲ್ಲ ಸಫಿಕ್ಸ್, ಅಂದರೆ ‘.2024’. ಅದನ್ನು ಕಿತ್ತು ಅಲ್ಲಿಗೆ ‘.ಸಿಎಸ್‌ವಿ’ ಕೂರಿಸಿತು. ಉಳಿದದ್ದು ‘15.07.ಸಿಎಸ್‌ವಿ’. ವರ್ಷವೇ ಹೋಯಿತು! ಎಲ್ಲಾ ವರ್ಷದ ಪಟ್ಟಿಗಳೂ ನಮ್ಮಲ್ಲಿ ಒಂದೇ ಫೋಲ್ಡರಿಗೆ ಬೀಳುವುದರಿಂದ ಈ ಜುಲೈ 15ರದು ಹೋದ ಜುಲೈ 15ರದನ್ನು ಅಳಿಸಿ ಕೂರುತ್ತಿತ್ತು. ನಕಲಿನ ಹೆಸರುಪಟ್ಟಿ ಡಿಫ್ ಮಾಡಿದಾಗ ಪುಟಗಟ್ಟಲೆ ಕೆಂಪು ಬಂದಿದ್ದರಿಂದ ಗೊತ್ತಾಯಿತು. ಈಗ ‘ವಿತ್_ನೇಮ್’ ಬಳಸಿ, ಪೂರ್ತಿ ಹೆಸರಿಗೆ ಬಾಲ ಸೇರಿಸುತ್ತೇವೆ. ಚುಕ್ಕಿ ಇಟ್ಟು ದಿನಾಂಕ ಬರೆಯುವ ನಮ್ಮ ಕಡೆಯವರೆಲ್ಲ ಇದೊಂದನ್ನು ನೆನಪಿಡಬೇಕು.

ಓಎಸ್.ವಾಕ್ ಇದ್ದ ಫಂಕ್ಷನ್ನನ್ನು ಪಾತ್‌ಲಿಬ್‌ಗೆ ತರಲಿಲ್ಲ. ಪಾತ್‌ಲಿಬ್‌ನ ಸ್ವಂತ ವಾಕ್ ಬಂದದ್ದು ಪೈಥಾನ್ 3.12ರಲ್ಲಿ, ಮಂಡಿಯ ಕಂಪ್ಯೂಟರ್‌ಗಳಲ್ಲಿರುವ ಉಬುಂಟು 22.04 ಜೊತೆಗೆ ಬರುವುದು 3.10. ಒಳಗಿನ ಫೋಲ್ಡರ್‌ಗಳಲ್ಲೆಲ್ಲ ಹುಡುಕುವ ಪಾತ್‌ಲಿಬ್‌ನ ಆರ್‌ಗ್ಲಾಬ್ ಬಳಸೋಣ ಅಂದರೆ ‘ಹಳೆಯದು’ ಫೋಲ್ಡರಿಗೆ ಇಳಿಯಬೇಡ ಅಂತ ಅದಕ್ಕೆ ಮೊದಲೇ ಹೇಳುವ ದಾರಿಯಿಲ್ಲ, ಇಳಿದು ಬಂದ ಮೇಲೆ ಸೋಸಬೇಕು.

ನಮ್ಮ ಆಫೀಸಿಗೆ ಉಳಿಸಿಕೊಂಡದ್ದು ರಫ್ ಅನ್ನು. ಫಾರ್ಮ್ಯಾಟೂ ತಪಾಸಣೆಯೂ ಒಂದೇ ಕಡೆ ಆಗುತ್ತದೆ, ಸೆಟ್ಟಿಂಗ್ ಫೈಲು ಒಂದೇ. ಬರೀ ಓರಣವಷ್ಟೇ ಬೇಕು, ತಪಾಸಣೆಯ ದೂರುಗಳನ್ನು ನೋಡಲು ಸದ್ಯಕ್ಕೆ ಪುರುಸೊತ್ತಿಲ್ಲ ಅನ್ನುವವರಿಗೆ ಬ್ಲ್ಯಾಕ್ ಒಂದೇ ಸಾಕು, ಅದು ಮೋಸ ಮಾಡುವುದಿಲ್ಲ. ಬೇರೆಯವರ ಕೋಡಿಗೆ ಒಂದೆರಡು ತಿದ್ದುಪಡಿ ಕಳಿಸುವಾಗ ಈಗಲೂ ಆಟೊಪೆಪ್8 ಹಾಕುತ್ತೇನೆ, ಅಗ್ರೆಸಿವ್ ಬಿಟ್ಟು. ಕೈಯಲ್ಲಿ ಮಾಡುವುದನ್ನು ಪಾತ್‌ಲಿಬ್ ಬದಲಾವಣೆಗೆ ಮಾತ್ರ ಇಟ್ಟುಕೊಂಡಿದ್ದೇವೆ: ದಿನಕ್ಕೆ ಒಂದೇ ಫಂಕ್ಷನ್, ಶೈಲಿಯ ಕಮಿಟ್ ಜೊತೆ ಬೆರೆಸದೆ.

ಇವು ಯಾವುದಕ್ಕೂ ಕಾಣದ ಒಂದು ತೊಂದರೆ ಇನ್ನೂ ಉಳಿದಿದೆ. ಒಂದು ಮಂಡಿಯವರ ಹಳೇ ಮ್ಯಾಕ್‌ನಿಂದ ಬಂದ ಫೋಲ್ಡರ್‌ಗಳಲ್ಲಿ ‘ಕೋಲಾರ’ ಎರಡು ಸಲ ಕಾಣುತ್ತದೆ, ಕಣ್ಣಿಗೆ ಎರಡೂ ಒಂದೇ. ಯೂನಿಕೋಡಿನಲ್ಲಿ ‘ಕೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡು ಮಾಡಿಯೂ ಬರೆಯಬಹುದು, ಹಳೇ ಮ್ಯಾಕ್ ಡಿಸ್ಕ್ ಎರಡನೆಯ ರೀತಿ ಇಡುತ್ತದೆ. ಒಂದು ‘ಕೋಲಾರ’ದ ಉದ್ದ ಪೈಥಾನ್ ಲೆಕ್ಕದಲ್ಲಿ 5, ಇನ್ನೊಂದರದ್ದು 7. ಹೆಸರು ಓದಿದ ಕೂಡಲೇ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಸಂಕೇತದ ರೀತಿಗೆ, ತರುವ ಸಣ್ಣ ಫಂಕ್ಷನ್ ಒಂದನ್ನು ಆ ಹುಡುಗಿಯೇ ಬರೆಯುತ್ತಿದ್ದಾಳೆ. ನಕಲು ಫೋಲ್ಡರ್‌ಗಳಲ್ಲಿ ಈಗ ಎರಡೂ ‘ಕೋಲಾರ’ ಇಟ್ಟಿದ್ದೇವೆ.