ಪೈಲಟ್ ಕೋರ್ಸ್ ಸಲಹಾ ಕೇಂದ್ರ, ಮೈಸೂರು: ದಾರಿ ಸರಿ ಹೇಳಿದರು, ಸಂಬಳದ ಲೆಕ್ಕ ಸರಿ ಹೇಳಲಿಲ್ಲ

ಅಕ್ಕನ ಮಗನನ್ನು ಕರೆದುಕೊಂಡು ಈ ಕೇಂದ್ರಕ್ಕೆ ಹೋಗಿದ್ದೆ. ಹುಡುಗ ಮಂಡ್ಯದಲ್ಲಿ ಪಿಯುಸಿ ಸೈನ್ಸ್ ಮುಗಿಸಿದ್ದಾನೆ, ಪೈಲಟ್ ಆಗಲೇಬೇಕು ಅಂತ ಹಟ ಹಿಡಿದಿದ್ದಾನೆ. ನಾನು ಸಹಕಾರಿ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವವಳು. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಫೀಸಿನ ಮಾತೆತ್ತುವ ಮುಂಚೆಯೇ ‘ಮೊದಲು ಕ್ಲಾಸ್ 2 ಮೆಡಿಕಲ್, ಅಂದರೆ ಪೈಲಟ್ ಆಗುವವರ ಆರೋಗ್ಯ ತಪಾಸಣೆ, ಮಾಡಿಸಿ, ಕಣ್ಣಿನ ತೊಂದರೆ ಇದ್ದರೆ ಈಗಲೇ ಗೊತ್ತಾಗಲಿ’ ಅಂದರು. ಲೈಸೆನ್ಸಿಗೆ ಬೇಕಾದ 200 ಗಂಟೆ ಹಾರಾಟ, ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಪರೀಕ್ಷೆಗಳು, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ವಿವರಿಸಿದರು. ಮೊದಲ ಭೇಟಿಗೆ ದುಡ್ಡಿಲ್ಲ.

ಆಮೇಲೆ ಸಂಬಳದ ಸ್ಲೈಡ್ ಬಂತು. ‘ಮೊದಲ ವರ್ಷವೇ ಗಂಟೆಗೆ 90 ಡಾಲರ್’ ಅಂತ ದಪ್ಪ ಅಕ್ಷರದಲ್ಲಿತ್ತು. ಅದು ಅಮೆರಿಕದ್ದು. ಪೈಲಟ್‌ಗಳು ಸಿಗದೆ 2022ರಲ್ಲಿ ಅಲ್ಲಿನ ಕೆಲವು ಪ್ರಾದೇಶಿಕ ಏರ್‌ಲೈನ್‌ಗಳು ಏರಿಸಿದ ದರ. ಅದಕ್ಕೆ ಮುಂಚೆ ಅಲ್ಲೂ ಹೊಸಬರ ಪಾಡು ಕಷ್ಟವೇ. ಎಷ್ಟು ಕಮ್ಮಿ ಸಂಬಳ ಅನ್ನೋದು 2009ರಲ್ಲಿ ಅಮೆರಿಕದ ಬಫಲೋ ಊರಿನ ಬಳಿ ಪ್ರಾದೇಶಿಕ ವಿಮಾನವೊಂದು ಬಿದ್ದ ಅಪಘಾತದ ವಿಚಾರಣೆಯಲ್ಲಿ ಲೋಕಕ್ಕೆಲ್ಲ ತಿಳಿದಿತ್ತು. ಜೊತೆಗೆ 2013ರಿಂದ ಅಲ್ಲಿ ಕೋ-ಪೈಲಟ್ ಆಗೋಕೆ ಸಾಮಾನ್ಯವಾಗಿ 1500 ಗಂಟೆ ಹಾರಾಟ ಬೇಕು. ಇಲ್ಲಿ 200 ಗಂಟೆಯ ಲೈಸೆನ್ಸ್ ಹಿಡಿದು ಹೊರಬರುವ ಮಕ್ಕಳಿಗೆ ಆ ಅಂಕಿ ತೋರಿಸುವುದು ತಪ್ಪು. ಅಪ್ಪ-ಅಮ್ಮ ಗದ್ದೆ ಅಡ ಇಡುವುದು ಇಂಥ ಸ್ಲೈಡ್ ನಂಬಿಕೊಂಡೇ.

ಅಲ್ಲೇ ಕೂತು ಲೆಕ್ಕ ಹಾಕಿದೆ. ಅವರು ಹೇಳಿದ ಖರ್ಚು 60 ಲಕ್ಷ. ಶೇ. 11 ಬಡ್ಡಿ, ಹತ್ತು ವರ್ಷದ ಅವಧಿ ಅಂದರೆ ತಿಂಗಳ ಕಂತು 82 ಸಾವಿರ ದಾಟುತ್ತದೆ. ಓದುವಾಗ, ಕೆಲಸಕ್ಕೆ ಕಾಯುವಾಗ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಎಟಿಆರ್ (ಸಣ್ಣ ಪ್ರೊಪೆಲ್ಲರ್ ವಿಮಾನ) ಅಥವಾ ಏರ್‌ಬಸ್‌ಗೆ ಮಾಡಬೇಕಾದ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನ ಹಾರಿಸಲು ಬೇಕಾದ ವಿಶೇಷ ತರಬೇತಿ, ಅದರ ಖರ್ಚೂ ಸೇರಿಲ್ಲ. ಅದನ್ನು ನಾನೇ ಕೇಳಿ ತಿಳಿದುಕೊಳ್ಳಬೇಕಾಯಿತು.

ಹೋಗಿದ್ದು ಸಾರ್ಥಕ ಅನ್ನಿಸಿದ್ದು ಆವತ್ತು ಮಾತಾಡಲು ಬಂದಿದ್ದ ಒಬ್ಬ ಕೋ-ಪೈಲಟ್‌ನಿಂದ. ನಮ್ಮ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಬರುತ್ತಲ್ಲ, ಆ ಎಟಿಆರ್ ಹಾರಿಸುವ ಹುಡುಗ. ತನ್ನ ಲಾಗ್‌ಬುಕ್ ಬಿಚ್ಚಿ ತೋರಿಸಿದ. ಸಾಲು ಸಾಲಾಗಿ ಒಂದೊಂದು ಗಂಟೆಯ ಚಿಕ್ಕ ಚಿಕ್ಕ ಹಾರಾಟ, ಒಂದೇ ದಿನಕ್ಕೆ ನಾಲ್ಕು. ‘ಮೇಡಂ, ಒಟ್ಟು ಸಂಬಳ ಎಷ್ಟು ಅಂತ ಕೇಳಬೇಡಿ. ತಿಂಗಳಿಗೆ ಎಷ್ಟು ಗಂಟೆ ಹಾರಾಟದ ದುಡ್ಡು ಖಾತರಿ, ಕಂಪನಿ ಬಿಡೋ ಹಾಗಿಲ್ಲ ಅನ್ನೋ ಬಾಂಡ್ ಎಷ್ಟು ವರ್ಷ, ಟ್ರೈನಿಂಗ್‌ನಲ್ಲಿ ಏನು ಕೊಡ್ತಾರೆ, ಅದನ್ನ ಕೇಳಿ’ ಅಂದ. ಕ್ಯಾಪ್ಟನ್ ಆಗೋಕೆ ಬೇಕಾದ ಲೈಸೆನ್ಸ್ ಆದ ಎಟಿಪಿಎಲ್‌ಗೆ 1500 ಗಂಟೆ ಆಗಬೇಕು. ವರ್ಷಕ್ಕೆ 1000 ಗಂಟೆ ಮೀರಿ ಹಾರಿಸುವ ಹಾಗಿಲ್ಲ. ಅಷ್ಟೂ ಸಿಗೋದು ಅಪರೂಪ. ಸಣ್ಣ ಕಂಪನಿ ಮುಚ್ಚಿದರೆ ಕತೆ ಅಲ್ಲಿಗೇ ನಿಲ್ಲುತ್ತದೆ. ಮೈಸೂರಿಗೂ ಬರುತ್ತಿದ್ದ ಟ್ರೂಜೆಟ್ 2022ರಲ್ಲಿ ಹಾರಾಟ ನಿಲ್ಲಿಸಿತಲ್ಲ, ಅದನ್ನೂ ಅವನೇ ನೆನಪಿಸಿದ. ಆದರೆ ಟೇಕಾಫ್, ಲ್ಯಾಂಡಿಂಗ್ ಜಾಸ್ತಿ ಸಿಗುವುದರಿಂದ ಎಟಿಆರ್‌ನಲ್ಲಿ ಕೈ ಬೇಗ ಪಳಗುತ್ತದಂತೆ. ಅದನ್ನು ಹೇಳುವಾಗ ಅವನ ಮುಖ ಅರಳಿತ್ತು.

ಕೊನೆಗೆ ‘ಬ್ಯಾಚ್ ತುಂಬ್ತಿದೆ, ಇವತ್ತೇ ಅಡ್ವಾನ್ಸ್ ಕಟ್ಟಿ’ ಅಂತ ಶುರುವಾಯಿತು. ಸೀಟು ಬೇಡ ಅಂದರೆ ದುಡ್ಡು ವಾಪಸ್ ಕೊಡುವ ಷರತ್ತನ್ನು ಬರೆದುಕೊಡಿ ಅಂದೆ. ಕೊಡಲಿಲ್ಲ. ನಾವೂ ಕಟ್ಟಲಿಲ್ಲ.

ಹೋಗುವವರು ಫೋನ್ ಮಾಡಿ, ಪೈಲಟ್ ಬರುವ ದಿನ ಕೇಳಿಕೊಂಡು ಹೋಗಿ. ಮೆಡಿಕಲ್ ಮುಗಿಯುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವಿಮಾನ ತರಬೇತಿ ಶಾಲೆಯ ಫೀಸನ್ನೂ ವಿಚಾರಿಸಿ. ನಮ್ಮ ಹುಡುಗನ ಕ್ಲಾಸ್ 2 ರಿಪೋರ್ಟ್ ಬಂದ ಮೇಲೆ ನಾವು ಹೋಗುವುದು ಅಲ್ಲಿಗೇ.