ಬದುಕೋಕೆ ಯಾವ ಕಲ್ಪನಾಲೋಕ ವಾಸಿ? ನನ್ನ ಓಟು ಸ್ಟಾರ್ ಟ್ರೆಕ್‌ಗೆ

ವೈಜ್ಞಾನಿಕ ಕಲ್ಪನೆಯ ಕಥೆಗಳಲ್ಲಿ ಬರುವ ಲೋಕಗಳಲ್ಲಿ ಬದುಕೋಕೆ ಯಾವುದು ವಾಸಿ? ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಸ್ಟಾರ್ ಟ್ರೆಕ್, ಬಾಹ್ಯಾಕಾಶ ನೌಕೆಗಳಲ್ಲಿ ಸುತ್ತುವವರ ಕಥೆಯ ಅಮೆರಿಕದ ಟಿವಿ ಸರಣಿಗಳು ಮತ್ತು ಸಿನಿಮಾಗಳು. ಉಳಿದವುಗಳನ್ನು ಸುಮ್ನೆ ತಳ್ಳಿಹಾಕಿಲ್ಲ. ಚರ್ಚ್ ಸ್ಟ್ರೀಟ್‌ನಲ್ಲಿ ಸೆಕೆಂಡ್ ಹ್ಯಾಂಡ್ ಪುಸ್ತಕಗಳ ಒಂದು ಕಟ್ಟು ಕೊಂಡೆ. ಈಚೆಗೆ ನಾನು ಮಾಡಿದ ಅತ್ಯುತ್ತಮ ಖರ್ಚು ಅದು. ಬನಶಂಕರಿಯಿಂದ ಮೆಜೆಸ್ಟಿಕ್, ಅಲ್ಲಿ ಲೈನ್ ಬದಲಿಸಿ ಕಾಡುಗೋಡಿ: ಆ ಮೆಟ್ರೋ ದಾರಿಯಲ್ಲಿ ಓದಿದೆ. ರಾತ್ರಿ ತಂಗಿಯ ಜೊತೆ ಸರಣಿಗಳನ್ನು ನೋಡಿದೆ. ಪ್ರತಿ ಲೋಕಕ್ಕೂ ಒಂದೇ ಪರೀಕ್ಷೆ ಇಟ್ಟೆ. ಅಲ್ಲಿ ನಾನು ಕ್ಯಾಪ್ಟನ್ ಅಲ್ಲ, ರಾಜಕುಮಾರಿಯೂ ಅಲ್ಲ. ತಿಂಗಳ ಸಂಬಳದಲ್ಲಿ ಬಾಡಿಗೆ ಕಟ್ಟುವ ಸಾಮಾನ್ಯ ಹೆಂಗಸು. ನನಗೆ ನೀರು ಬರುತ್ತಾ? ಒಳ್ಳೆ ಊಟ ಸಿಗುತ್ತಾ? ಸಂಜೆ ಕ್ಷೇಮವಾಗಿ ಮನೆ ಸೇರುತ್ತೇನಾ? ನೌಕೆ ಎಷ್ಟು ಜೋರಾಗಿ ಹೋಗುತ್ತದೆ, ಆಯುಧ ಯಾವುದು ಅನ್ನುವುದನ್ನು ನೋಡಲೇ ಇಲ್ಲ.

ಕಥೆಯಾಗಿ ನನಗೆ ಜಾಸ್ತಿ ಇಷ್ಟವಾದದ್ದು ಡ್ಯೂನ್. 1965ರ ಪುಸ್ತಕ, ಇವತ್ತಿಗೂ ಹೊಸದಾಗಿ ಓದಿಸಿಕೊಳ್ಳುತ್ತದೆ. ಅರಾಕಿಸ್ ಪೂರ್ತಿ ಮರಳಿನ ಗ್ರಹ. ಅಲ್ಲಿನ ಫ್ರೆಮೆನ್ ಜನ ಸ್ಟಿಲ್‌ಸೂಟ್ ಅನ್ನುವ ಉಡುಪು ಹಾಕಿಕೊಂಡು, ಬೆವರು, ಮೂತ್ರ, ಉಸಿರಿನ ತೇವ ಎಲ್ಲವನ್ನೂ ಶುದ್ಧ ಮಾಡಿ ಮತ್ತೆ ಕುಡಿಯುತ್ತಾರೆ. ಸತ್ತವರ ಮೈಯ ನೀರು ಕೂಡ ಅವರ ಗುಂಪಿಗೇ ಸೇರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿದ್ದವರಿಗೆ ಇದು ತೀರಾ ದೂರದ ಮಾತಲ್ಲ. ನಮ್ಮ ಕಟ್ಟಡದ ಬೋರ್‌ವೆಲ್ ಬತ್ತಿತ್ತು. ಟ್ಯಾಂಕರ್‌ನವರು ಫೋನ್ ಎತ್ತುತ್ತಿರಲಿಲ್ಲ. ಆರ್‌ಓ ಫಿಲ್ಟರ್ ಹೊರಗೆ ಬಿಡುವ ನೀರನ್ನು ಬಕೆಟ್‌ಗೆ ಹಿಡಿದು ನೆಲ ಒರೆಸಿದೆವು. ಬಟ್ಟೆ ಒಗೆದ ನೀರು ಟಾಯ್ಲೆಟ್‌ಗೆ ಹೋಯಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದೂ ಆ ಮಾರ್ಚ್‌ನಲ್ಲೇ. ಅಂಥ ಲೆಕ್ಕಾಚಾರ ಒಂದು ಬೇಸಿಗೆಗೆ ಸರಿ. ಹುಟ್ಟಿದಾಗಿನಿಂದ ಸಾಯುವ ತನಕ ಉಸಿರಿನ ತೇವಕ್ಕೂ ಲೆಕ್ಕ ಇಡುವುದು ನನ್ನಿಂದಾಗದು. ಅಲ್ಲದೆ ಅರಾಕಿಸ್ ಸೇರಿದ ಸಾಮ್ರಾಜ್ಯದಲ್ಲಿ ಯಾರು ಎಲ್ಲಿ ಹುಟ್ಟಿದರೋ ಅಲ್ಲೇ ಇರಬೇಕು, ಮೇಲೇರುವ ಹಾಗಿಲ್ಲ. ಯೋಚಿಸುವ ಯಂತ್ರಗಳಿಗೆ ನಿಷೇಧ ಬೇರೆ. ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಬದುಕುವ ನನಗೆ ಅಲ್ಲಿ ಕೆಲಸವೇ ಇಲ್ಲ.

ಮನುಷ್ಯರು ಸೌರಮಂಡಲದ ತುಂಬ ನೆಲೆಸಿರುವ ಎಕ್ಸ್‌ಪ್ಯಾನ್ಸ್ ಕಥೆಯಲ್ಲೂ ನೀರಿನ ಕಷ್ಟವೇ. ಸೆರೆಸ್‌ನಂಥ ಕ್ಷುದ್ರಗ್ರಹದಲ್ಲಿ ದುಡಿಯುವ ಬೆಲ್ಟರ್‌ಗಳಿಗೆ ಶನಿಯ ಉಂಗುರಗಳಿಂದ ಹಿಮಗಡ್ಡೆ ಹೊತ್ತು ತರಬೇಕು. ಆ ಹಡಗು ಬರದಿದ್ದರೆ ಊರಿಗೆ ಊರೇ ಬಾಯಾರುತ್ತದೆ. ನಮಗೂ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ಆಚೆಯಿಂದ ಪಂಪ್ ಆಗಿಯೇ ಬರಬೇಕು. ಹಾಗಾಗಿ ಅವರ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅಲ್ಲಿ ಉಸಿರಾಡುವ ಗಾಳಿಯೂ ಇನ್ನೊಬ್ಬರ ಕೈಯಲ್ಲಿರುತ್ತದೆ. ಕಡಿಮೆ ಗುರುತ್ವದಲ್ಲಿ ಬೆಳೆದ ಬೆಲ್ಟರ್‌ಗಳ ಮೂಳೆಗೆ ಭೂಮಿಯ ಭಾರ ತಡೆಯುವುದಿಲ್ಲ. ಅಲ್ಲಿ ಹುಟ್ಟಿದ ಮಗು ಅಜ್ಜಿ ಮನೆಗೆ ಬರಲಾರದು ಅಂದರೆ ನನಗೆ ಆ ಲೋಕ ಬೇಡ.

ಐಸಾಕ್ ಅಸಿಮೋವ್ ಬರೆದ ಫೌಂಡೇಶನ್ ಕಾದಂಬರಿಗಳ ರಾಜಧಾನಿ ಗ್ರಹ ಟ್ರಾಂಟರ್ ಬಗ್ಗೆ ಎರಡು ಮಾತು ಸಾಕು. ಇಡೀ ಗ್ರಹವೇ ಒಂದು ನಗರ, ಜನಸಂಖ್ಯೆ 4,000 ಕೋಟಿ, ಊಟ ಬರುವುದು 20 ಕೃಷಿ ಗ್ರಹಗಳಿಂದ. ಅಲ್ಲಿನ ಹೆಚ್ಚಿನವರು ಆಕಾಶ ನೋಡುವುದೇ ಇಲ್ಲ. ಲಾಲ್‌ಬಾಗ್ ಇಲ್ಲದ ಬೆಂಗಳೂರನ್ನೇ ನಾನು ಒಪ್ಪಲಾರೆ.

ತಂಗಿಯ ಪಕ್ಷ ಸ್ಟಾರ್ ವಾರ್ಸ್. "ಅಕ್ಕ, ಅಲ್ಲಿ ಇರೋ ಮಜಾ ಇನ್ನೆಲ್ಲೂ ಇಲ್ಲ ಕಣೇ" ಅನ್ನುತ್ತಾಳೆ. ಮಜಾ ಇದೆ, ಒಪ್ಪುತ್ತೇನೆ. ಆದರೆ 1977ರ ಮೊದಲ ಸಿನಿಮಾದಲ್ಲೇ ಆಲ್ಡರಾನ್ ಗ್ರಹವನ್ನು ಅಲ್ಲಿನ ಜನರ ಸಮೇತ ಒಂದೇ ಏಟಿಗೆ ಸುಟ್ಟುಹಾಕುತ್ತಾರೆ. ಮಾತಾಡುವ, ಹೆದರುವ, ಗೆಳೆಯನಿಗಾಗಿ ಒದ್ದಾಡುವ ರೋಬೋಟ್‌ಗಳನ್ನು ಸಂತೆಯ ದನದ ಹಾಗೆ ಮಾರುತ್ತಾರೆ. ಕಥೆಯ ನಾಯಕ, ಒಳ್ಳೆಯವನಾದ ಲ್ಯೂಕ್‌ನ ಮನೆಯವರೇ ಕೊಳ್ಳುತ್ತಾರೆ. ಅದನ್ನು ನೋಡಿಕೊಂಡು ದಿನಾ ಬದುಕುವುದು ನನಗೆ ಹಿಡಿಸದು.

ನಿಜವಾದ ಪೈಪೋಟಿ ಕೊಟ್ಟದ್ದು ಇಯಾನ್ ಬ್ಯಾಂಕ್ಸ್ ಬರೆದ ಕಲ್ಚರ್ ಲೋಕ. ಹಣ ಇಲ್ಲ, ಬಡತನ ಇಲ್ಲ. ಮೈಂಡ್‌ಗಳು ಎನ್ನುವ ಮಹಾ ಬುದ್ಧಿಯ ಯಂತ್ರಗಳು ಎಲ್ಲವನ್ನೂ ನಡೆಸುತ್ತವೆ. ಸೌಕರ್ಯದಲ್ಲಿ ಸ್ಟಾರ್ ಟ್ರೆಕ್‌ಗಿಂತ ಒಂದು ಕೈ ಮೇಲೆಯೇ. ನಾನು ಬಿಟ್ಟದ್ದು ಒಂದೇ ಕಾರಣಕ್ಕೆ: ಅಲ್ಲಿ ದೊಡ್ಡ ತೀರ್ಮಾನಗಳಿಗೆ ಮನುಷ್ಯರ ಅಗತ್ಯ ಅಷ್ಟಾಗಿ ಇಲ್ಲ. ನಾನು ಯಾವುದಕ್ಕಾದರೂ ಉಪಯೋಗಕ್ಕೆ ಬರಬೇಕು, ಅದೇ ನನ್ನ ಆಸೆ.

ಸ್ಟಾರ್ ಟ್ರೆಕ್‌ನ 24ನೇ ಶತಮಾನದ ಭೂಮಿಯಲ್ಲಿ ಹಣವೇ ಇಲ್ಲ ಎಂದು ಕ್ಯಾಪ್ಟನ್ ಪಿಕಾರ್ಡ್ 1996ರ ಸಿನಿಮಾದಲ್ಲಿ ಹೇಳುತ್ತಾನೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಮನೆ ಹಿಡಿದವರಿಗೆ ಆ ಮಾತಿನ ತೂಕ ಗೊತ್ತು. ಹಾಗಂತ ಅಲ್ಲಿ ಜನ ಸುಮ್ಮನೆ ಕೂತಿಲ್ಲ. ರೆಪ್ಲಿಕೇಟರ್ ಕೇಳಿದ್ದನ್ನೆಲ್ಲ ಮಾಡಿಕೊಡುತ್ತದೆ, ಆದರೂ ಆ ಕಥೆಯ ಇನ್ನೊಬ್ಬ ಅಧಿಕಾರಿ ಬೆಂಜಮಿನ್ ಸಿಸ್ಕೋನ ಅಪ್ಪ ನ್ಯೂ ಆರ್ಲಿಯನ್ಸ್‌ನಲ್ಲಿ ಹೋಟೆಲ್ ನಡೆಸುತ್ತಾನೆ. ಅಡುಗೆ ಮಾಡಿ ಬಡಿಸುವುದು ಅವನಿಗಿಷ್ಟ, ಅಷ್ಟೇ. ಇದೇ ನನಗೆ ದೊಡ್ಡ ಸಮಾಧಾನ. ಅಲ್ಲೂ ಯಾರೋ ಒಬ್ಬರು ಬೆಳಿಗ್ಗೆ ಐದಕ್ಕೆ ಎದ್ದು ಡಿಕಾಕ್ಷನ್ ಇಳಿಸುತ್ತಾರೆ, ದೋಸೆ ಹುಯ್ಯುತ್ತಾರೆ ಅನ್ನುವ ಭರವಸೆ ಅದರಿಂದ ಬರುತ್ತದೆ. ದಿನಕ್ಕೆ ಎರಡು ಸಲ ಫಿಲ್ಟರ್ ಕಾಫಿ ಬೇಕೇ ಬೇಕು ನನಗೆ.

ಇಷ್ಟೆಲ್ಲ ಇದ್ದರೂ ಒಂದು ವಿಷಯ ನನ್ನನ್ನು ಬಹಳ ಕಾಡಿದೆ. ಅದು ಟ್ರಾನ್ಸ್‌ಪೋರ್ಟರ್.

1966ರಲ್ಲಿ ಸರಣಿ ಶುರುವಾದಾಗ ಪ್ರತಿ ವಾರ ನೌಕೆ ಇಳಿಯುವುದನ್ನು ತೋರಿಸಲು ದುಡ್ಡು ಸಾಲುತ್ತಿರಲಿಲ್ಲ. ಅದಕ್ಕೇ ಈ ಉಪಾಯ ಮಾಡಿದರು. ವೇದಿಕೆ ಮೇಲೆ ನಿಂತರೆ ಯಂತ್ರ ನಿಮ್ಮ ದೇಹವನ್ನು ಕಣಕಣವಾಗಿ ಬಿಡಿಸಿ, ಕಿರಣವಾಗಿ ಕಳಿಸಿ, ಬೇಕಾದ ಕಡೆ ಮತ್ತೆ ಜೋಡಿಸುತ್ತದೆ. ಅಪಘಾತದ ಭಯ ನನಗಿಲ್ಲ. 1979ರ ಸಿನಿಮಾದಲ್ಲಿ ಯಂತ್ರ ಕೆಟ್ಟು ಇಬ್ಬರು ಸಾಯುತ್ತಾರೆ, ನಿಜ. ನಮ್ಮ ಹೆದ್ದಾರಿಗಳಲ್ಲೂ ಸಾಯುತ್ತಾರೆ, ಆದರೂ ನಾವು ಬಸ್ಸು ಹತ್ತುತ್ತೇವೆ. ಯಂತ್ರ ಸರಿಯಾಗಿ ಕೆಲಸ ಮಾಡಿದಾಗ ಏನಾಗುತ್ತದೆ ಅನ್ನುವುದೇ ನನ್ನ ಚಿಂತೆ. ಆ ಕಡೆ ಎದ್ದು ನಿಲ್ಲುವವಳು ನಾನೇನಾ?

1993ರ ಒಂದು ಕಂತಿನಲ್ಲಿ ಇದಕ್ಕೆ ಹೆದರಿಸುವ ಉತ್ತರ ಸಿಗುತ್ತದೆ. ನೌಕೆಯ ಅಧಿಕಾರಿ ವಿಲ್ ರೈಕರ್‌ನನ್ನು ಒಂದು ಗ್ರಹದಿಂದ ಮೇಲೆತ್ತುವಾಗ ಅಡಚಣೆ ಬಂದು, ಎರಡನೇ ಕಿರಣ ಬಿಟ್ಟಿರುತ್ತಾರೆ. ಒಂದು ಕಿರಣ ನೌಕೆ ಸೇರುತ್ತದೆ, ಇನ್ನೊಂದು ವಾಪಸ್ ಗ್ರಹಕ್ಕೇ ಬೀಳುತ್ತದೆ. ಇಬ್ಬರು ರೈಕರ್! ಒಬ್ಬ ಬಡ್ತಿ ಪಡೆದು ಬಾಳುತ್ತಾನೆ, ಇನ್ನೊಬ್ಬ ಎಂಟು ವರ್ಷ ಒಂಟಿಯಾಗಿ ಕೊಳೆಯುತ್ತಾನೆ. ಇಬ್ಬರೂ ಅಸಲಿ. ಅಂದರೆ ಯಂತ್ರ ಮಾಡುವುದು ಪ್ರತಿಯನ್ನೇ ಅಲ್ವಾ? ಹಾಗಾದರೆ ಪ್ರತಿ ಸಲ ಮೊದಲಿದ್ದವರ ಗತಿ ಏನು?

ಆದರೆ 1992ರ ಇನ್ನೊಂದು ಕಂತು ಬೇರೆಯದನ್ನೇ ಹೇಳುತ್ತದೆ. ಬಾರ್ಕ್ಲೇ ಎಂಬ ಹೆದರುಪುಕ್ಕಲ ಎಂಜಿನಿಯರ್ ಆ ಕಿರಣದೊಳಗೆ ಎಚ್ಚರವಾಗಿಯೇ ಇರುತ್ತಾನೆ. ಕಣ್ಣು ಬಿಟ್ಟು ಸುತ್ತ ನೋಡುತ್ತಾನೆ, ಭಯಪಡುತ್ತಾನೆ. ನಡುವೆ ಅವನು ಅಳಿದಿಲ್ಲ, ಪೂರ್ತಿ ಹೊತ್ತು ಅವನಾಗಿಯೇ ಇದ್ದ. ಈ ಎರಡು ಕಂತು ನನ್ನ ತಲೆಯಲ್ಲಿ ಈಗಲೂ ಜಗಳ ಆಡುತ್ತಿವೆ. ಬಾರ್ಕ್ಲೇಯನ್ನು ನಂಬುವ ಆಸೆ. ರೈಕರ್‌ನನ್ನು ಮರೆಯಲು ಆಗುತ್ತಿಲ್ಲ.

ಆಸೆಗೆ ಕಾರಣವೂ ಇದೆ. ಅಮ್ಮ ಹಾಸನದಲ್ಲಿದ್ದಾರೆ. ಸಿಸ್ಕೋ ನೌಕಾಪಡೆಯ ಅಕಾಡೆಮಿಗೆ ಸೇರಿದ ಹೊಸದರಲ್ಲಿ ಮನೆ ನೆನಪಾಗಿ ರಾತ್ರಿ ಊಟಕ್ಕೆ ಟ್ರಾನ್ಸ್‌ಪೋರ್ಟರ್‌ನಲ್ಲಿ ಅಪ್ಪನ ಹತ್ತಿರ ಹೋಗುತ್ತಿದ್ದನಂತೆ. ಆ ಮಾತು ಕೇಳಿದಾಗ ಹೊಟ್ಟೆಕಿಚ್ಚಾಯಿತು. ಶುಕ್ರವಾರ ಸಂಜೆ ಯಶವಂತಪುರ, ನೆಲಮಂಗಲ ದಾಟುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತದೆ ನನಗೆ.

ಕೊನೆಗೆ ನನ್ನ ಲೆಕ್ಕ ಹೀಗಿದೆ. ಆ ಲೋಕದಲ್ಲಿ ಯಂತ್ರ ಏರಲೇಬೇಕು ಅನ್ನುವ ಕಡ್ಡಾಯ ಇಲ್ಲ. ಶಟಲ್ ನೌಕೆಗಳಿವೆ. ಬಾಡಿಗೆಯ ಚಿಂತೆ ಇಲ್ಲದವಳಿಗೆ ಆಫೀಸಿಗೆ ಓಡುವ ಅವಸರವೂ ಇಲ್ಲ. ದಾರಿಯಲ್ಲಿ ಓದುವ ಅಭ್ಯಾಸವನ್ನು ನಾನು ಬಿಡುವವಳಲ್ಲ, ಹಾಗಾಗಿ ನಿಧಾನದ ಪ್ರಯಾಣವೇ ನನಗೆ ಒಳ್ಳೆಯದು. ನೌಕಾಪಡೆ ಬೇಡ, ದೂರದ ಗ್ರಹ ಬೇಡ. ನಮ್ಮ ಈ 21ನೇ ಶತಮಾನದಲ್ಲಿ ಮೂರನೇ ಮಹಾಯುದ್ಧ ನಡೆಯುತ್ತದೆ ಎನ್ನುತ್ತದೆ ಆ ಕಥೆ, ಹಾಗಾಗಿ ಆರಿಸುವಾಗ ಇಸವಿ ನೋಡಿಕೊಂಡೇ ಆರಿಸಬೇಕು. ನನಗೆ 2360ರ ದಶಕದ ಭೂಮಿ ಕೊಡಿ. ಬೆಂಗಳೂರಿನಲ್ಲಿ ಒಂದು ಮನೆ, ಅಮ್ಮನಿಗೆ ಪಕ್ಕದಲ್ಲೇ ಇನ್ನೊಂದು.