ಕರಡು ತಿದ್ದೋಕೆ ಟ್ಯಾಬ್: ಸ್ಪ್ಲಿಟ್ ಸ್ಕ್ರೀನ್ ಬಳಸಿ ಬಳಸಿ ಕಂಡಿದ್ದು

ಟ್ಯಾಬಿನ ಪರದೆಯನ್ನು ಎರಡು ಭಾಗ ಮಾಡಿ ಎರಡು ಆಪ್ ಒಟ್ಟಿಗೆ ತೆರೆಯುವುದಕ್ಕೆ ಸ್ಪ್ಲಿಟ್ ಸ್ಕ್ರೀನ್ ಅನ್ನುತ್ತಾರೆ. ಎಡಗಡೆ ಹಳೇ ಪುಸ್ತಕದ ಪಿಡಿಎಫ್, ಬಲಗಡೆ ಅದೇ ಪುಸ್ತಕದ ಯೂನಿಕೋಡ್ (ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ) ಪಠ್ಯ. ಎಂಬತ್ತೇಳನೇ ಪುಟದಲ್ಲಿದ್ದೀರಿ ಅಂದುಕೊಳ್ಳಿ. ಎಡಗಡೆ ಅಕ್ಷರ ಸಣ್ಣ ಕಾಣುತ್ತಿದೆ ಅಂತ ನಡುವಿನ ಗೆರೆಯನ್ನು ಒಂದಿಷ್ಟು ಬಲಕ್ಕೆ ಎಳೆಯುತ್ತೀರಿ. ಪರದೆ ಒಂದು ಸಲ ಮಿನುಗುತ್ತದೆ. ನೋಡಿದರೆ ಪಿಡಿಎಫ್ ಮತ್ತೆ ಮೊದಲನೇ ಪುಟಕ್ಕೆ ಹೋಗಿ ಕೂತಿರುತ್ತದೆ!

ಟ್ಯಾಬ್ ತಗೊಂಡ ಹೊಸದರಲ್ಲಿ ನನ್ನ ತಲೆ ಕೆಡಿಸಿದ್ದು ಇದೊಂದೇ. ಬ್ಯಾಟರಿ ಚೆನ್ನಾಗಿದೆ, ಪರದೆ ಚೆನ್ನಾಗಿದೆ, ತೂಕವೂ ಪರವಾಗಿಲ್ಲ. ಆದರೆ ಕರಡು ತಿದ್ದುವವರಿಗೆ ಓದುತ್ತಿದ್ದ ಸಾಲು ಕೈತಪ್ಪಿ ಹೋಗುವುದಿದೆಯಲ್ಲ, ಅದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಮತ್ತೆ ಪುಟ ಹುಡುಕಬೇಕು, ಪ್ಯಾರಾ ಹುಡುಕಬೇಕು, ಅಷ್ಟರಲ್ಲಿ ಆ ಕಡೆ ಯಾವ ಪದದಲ್ಲಿ ನಿಂತಿದ್ದೆ ಅನ್ನುವುದೂ ಮರೆತಿರುತ್ತದೆ.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಇಷ್ಟು ಸಣ್ಣ ವಿಷಯಕ್ಕೆ ಯಾಕಿಷ್ಟು ಅನ್ನಿಸಬಹುದು. ನಾನು ಮನೆಯಲ್ಲೇ ಕೂತು ಪ್ರಕಾಶಕರಿಗೆ ಕರಡು ತಿದ್ದಿಕೊಡುತ್ತೇನೆ. ಈಗ ಬರುವ ಕೆಲಸದಲ್ಲಿ ಜಾಸ್ತಿ ಪಾಲು ಹಳೇ ಪುಸ್ತಕಗಳದ್ದು. ನುಡಿ, ಬರಹ, ಶ್ರೀಲಿಪಿ ಅನ್ನುವ ಕನ್ನಡ ಬರೆಯುವ ತಂತ್ರಾಂಶಗಳ ಕಾಲದಲ್ಲಿ ಪೇಜ್‌ಮೇಕರ್ ಅನ್ನುವ ಪುಟ ವಿನ್ಯಾಸದ ತಂತ್ರಾಂಶದಲ್ಲಿ ಕೂರಿಸಿದ ಪುಟಗಳನ್ನು ಇ-ಪುಸ್ತಕ ಮಾಡೋಕೆ ಅಂತ ಯೂನಿಕೋಡ್‌ಗೆ ಬದಲಾಯಿಸುತ್ತಾರೆ. ಬದಲಾಯಿಸುವ ತಂತ್ರಾಂಶ ತೊಂಬತ್ತು ಪಾಲು ಸರಿಯಾಗಿಯೇ ಮಾಡಿದರೂ ಉಳಿದದ್ದನ್ನು ಮನುಷ್ಯರೇ ನೋಡಬೇಕು. ಹಳೇ ಫಾಂಟ್‌ಗಳಲ್ಲಿ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರ ಆದಮೇಲೆ ಒತ್ತುತ್ತಿದ್ದರು. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಈ ಹಿಂದುಮುಂದು ಸರಿಯಾಗದೇ ಇದ್ದಾಗ ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಗುತ್ತದೆ. ನೀವೂ ಎಷ್ಟೋ ಕಡೆ ನೋಡಿರುತ್ತೀರಿ. ‘ಸಾಫ್ಟ್‌ವೇರ್’ ಅನ್ನುವುದು ಒತ್ತಕ್ಷರ ಸಿಕ್ಕಿಹಾಕಿಕೊಂಡು ‘ಸಾಫ್ಟ್ವೇರ್’ ಆಗಿರುತ್ತದೆ. ಇಂಥದ್ದನ್ನೆಲ್ಲ ಮೂಲದ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ನೋಡಬೇಕು, ಬೇರೆ ದಾರಿ ಇಲ್ಲ. ಮೊದಲು ಪಿಡಿಎಫ್ ಪ್ರಿಂಟ್ ತೆಗೆಸಿಕೊಂಡು ಲ್ಯಾಪ್‌ಟಾಪ್ ಪಕ್ಕ ಇಟ್ಟುಕೊಳ್ಳುತ್ತಿದ್ದೆ. ಪ್ರಿಂಟ್ ಖರ್ಚು, ಕತ್ತು ನೋವು ಎರಡೂ ಸಾಕಾಗಿ ಟ್ಯಾಬ್‌ಗೆ ಬಂದೆ.

ಟ್ಯಾಬ್ ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಇಪ್ಪತ್ತೈದು ಸಾವಿರದ ಒಳಗಿನ, ಹನ್ನೊಂದು ಇಂಚಿನ, ಮಾಮೂಲಿ ಆಂಡ್ರಾಯ್ಡ್ ಟ್ಯಾಬ್. ನಾನು ಹೇಳುವ ತೊಂದರೆಗಳು ಒಂದು ಕಂಪನಿಗೆ ಅಂಟಿಕೊಂಡವಲ್ಲ, ಈ ಬೆಲೆಯ ಬೇರೆ ಟ್ಯಾಬ್ ಇಟ್ಟುಕೊಂಡ ಗೆಳತಿಯರೂ ಇದನ್ನೇ ಹೇಳುತ್ತಾರೆ.

ಸರಿ, ಪುಟ ಯಾಕೆ ಹಾರುತ್ತದೆ? ಆಪ್ ಕಾಣುವ ಕಿಟಕಿಯ ಅಳತೆ ಬದಲಾದಾಗ ಆಂಡ್ರಾಯ್ಡ್ ಸಾಮಾನ್ಯವಾಗಿ ಆ ಆಪ್‌ನ ಪರದೆಯನ್ನು ಕೆಡವಿ ಹೊಸ ಅಳತೆಗೆ ಮತ್ತೆ ಕಟ್ಟುತ್ತದೆ. ಗೆರೆ ಎಳೆದರೂ ಅಷ್ಟೇ, ಟ್ಯಾಬ್ ತಿರುಗಿಸಿದರೂ ಅಷ್ಟೇ. ಮತ್ತೆ ಕಟ್ಟುವಾಗ ಓದುವವರು ಯಾವ ಪುಟದಲ್ಲಿದ್ದರು ಅಂತ ನೆನಪಿಟ್ಟುಕೊಳ್ಳುವುದು ಆಪ್ ಮಾಡಿದವರ ಜವಾಬ್ದಾರಿ. ಕೆಲವರು ಅಚ್ಚುಕಟ್ಟಾಗಿ ಮಾಡಿರುತ್ತಾರೆ, ಕೆಲವರು ಆ ಕಡೆ ತಲೆಯೇ ಹಾಕಿರುವುದಿಲ್ಲ. ಆಂಡ್ರಾಯ್ಡ್‌ಗೆ ಸ್ಪ್ಲಿಟ್ ಸ್ಕ್ರೀನ್ ಬಂದಿದ್ದು 2016ರಲ್ಲಿ, ಏಳನೇ ಆವೃತ್ತಿಯ ಜೊತೆ. ಇಷ್ಟು ವರ್ಷ ಆದಮೇಲೂ ಪುಸ್ತಕ ಓದೋಕೆ ಅಂತಲೇ ಇರುವ ಆಪ್‌ಗೆ ಇದು ಬಾರದಿದ್ದರೆ ಸಿಟ್ಟು ಬರುತ್ತದೆ, ಅಲ್ವಾ?

ಇನ್ನೊಂದು ಕಾರಣವೂ ಇದೆ, ಅದು ಮೆಮೊರಿ. ಮಧ್ಯೆ ಪ್ರಕಾಶಕರ ವಾಟ್ಸಾಪ್ ಬಂತು ಅಂತ ಇಟ್ಟುಕೊಳ್ಳಿ. ಹೋಗಿ ಉತ್ತರ ಕೊಟ್ಟು, ಅವರು ಕಳಿಸಿದ ಮುಖಪುಟದ ಚಿತ್ರ ದೊಡ್ಡದು ಮಾಡಿ ನೋಡಿ ವಾಪಸ್ ಬರುವಷ್ಟರಲ್ಲಿ ಸಿಸ್ಟಮ್ ಜಾಗ ಸಾಲದೆ ಹಿಂದಿದ್ದ ಆಪನ್ನು ಸದ್ದಿಲ್ಲದೆ ಮುಚ್ಚಿಬಿಟ್ಟಿರುತ್ತದೆ. ತೆರೆದ ಆಪ್‌ಗಳ ಪಟ್ಟಿಯಲ್ಲಿ ಇದ್ದ ಹಾಗೇ ಕಾಣುತ್ತದೆ, ಮುಟ್ಟಿದರೆ ಮೊದಲಿಂದ ಶುರು. ನನ್ನದು ನಾಲ್ಕು ಜಿಬಿ ರ‍್ಯಾಮ್. ಒಂದೇ ಆಪ್ ಬಳಸುವವರಿಗೆ ಅದು ಧಾರಾಳ, ಎರಡನ್ನು ಅಕ್ಕಪಕ್ಕ ತೆರೆದು ಮೂರನೆಯದಕ್ಕೆ ಹೋಗಿ ಬರುವವರಿಗೆ ಸಾಲುವುದಿಲ್ಲ. ಅಂಗಡಿಯಲ್ಲಿ ‘ಮಲ್ಟಿಟಾಸ್ಕಿಂಗ್’ ಅಂತ ದೊಡ್ಡದಾಗಿ ಬೋರ್ಡ್ ಹಾಕಿರುತ್ತಾರೆ, ಇದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಕೀಬೋರ್ಡ್ ತೊಂದರೆ ಎಲ್ಲರಿಗೂ ಗೊತ್ತಿದ್ದದ್ದೇ, ಬೇಗ ಹೇಳಿ ಮುಗಿಸುತ್ತೇನೆ. ಟ್ಯಾಬ್ ಅಡ್ಡ ಹಿಡಿದಾಗ ಕೀಬೋರ್ಡ್ ಎದ್ದರೆ ಪರದೆಯ ಅರ್ಧ ಅದಕ್ಕೇ ಹೋಗುತ್ತದೆ. ಆ ಕಡೆ ಪಿಡಿಎಫ್ ಸರಿಸೋಕೆ ಅಂತ ಮುಟ್ಟಿದರೆ ಕೀಬೋರ್ಡ್ ಇಳಿಯುತ್ತದೆ, ಪಠ್ಯ ಜಿಗಿಯುತ್ತದೆ. ಈ ಕಡೆ ಮುಟ್ಟಿದರೆ ಮತ್ತೆ ಏಳುತ್ತದೆ. ಗೂಗಲ್‌ನ ಕೀಬೋರ್ಡ್ ಆಪ್ ಜಿಬೋರ್ಡ್‌ನಲ್ಲಿ ಕೀಬೋರ್ಡನ್ನು ಚಿಕ್ಕದು ಮಾಡಿ ಪರದೆ ಮೇಲೆ ತೇಲಿಸುವ ಆಯ್ಕೆ ಇದೆ. ಮೂಲೆಗೆ ತಳ್ಳಿಟ್ಟುಕೊಂಡರೆ ಸಾಕು. ನನಗೆ ಪುಟಕ್ಕೆ ನಾಲ್ಕೈದು ತಿದ್ದುಪಡಿ ಬಂದರೆ ಹೆಚ್ಚು, ಅಷ್ಟಕ್ಕೆ ಇದು ನಡೆಯುತ್ತದೆ. ಇಡೀ ಪುಟ ಬೆರಳಚ್ಚು ಮಾಡುವವರಿಗೆ ನಡೆಯುವುದಿಲ್ಲ, ಅವರು ಬ್ಲೂಟೂತ್ ಕೀಬೋರ್ಡ್ ತಗೊಳ್ಳಲೇಬೇಕು.

ಇಷ್ಟೆಲ್ಲ ಆದಮೇಲೂ ಟ್ಯಾಬ್ ಮಾರಲಿಲ್ಲ. ಒಂದು ಸಂಗತಿ ಕೈಗೆ ಸಿಕ್ಕಿತು, ಅದಕ್ಕೇ ಈ ವಿಮರ್ಶೆ ಬರೆಯುತ್ತಿರುವುದು.

ಸ್ಪ್ಲಿಟ್ ಸ್ಕ್ರೀನ್ ಅಂದರೆ ಎಲ್ಲರ ಮನಸ್ಸಿಗೂ ಬರುವುದು ಟ್ಯಾಬ್ ಅಡ್ಡ, ಎಡಬಲ ಎರಡು ಕಿಟಕಿ. ಜಾಹೀರಾತಿನಲ್ಲೂ ಅದೇ ಚಿತ್ರ. ಒಂದು ದಿನ ಕರೆಂಟ್ ಹೋಗಿತ್ತು. ಟ್ಯಾಬನ್ನು ಬೆಳಕಿಗೆ ಅಂತ ಕಿಟಕಿ ಕಟ್ಟೆ ಮೇಲೆ ಉದ್ದಕ್ಕೆ ನಿಲ್ಲಿಸಿದೆ. ಪಿಡಿಎಫ್ ಮೇಲೆ ಹೋಯಿತು, ಪಠ್ಯ ಕೆಳಗೆ ಬಂತು. ಅಕ್ಷರಗಳು ಒಮ್ಮೆಲೇ ದೊಡ್ಡದಾಗಿ ಕಂಡವು. ಎಷ್ಟು ಸುಲಭ ಅನ್ನಿಸಿತು ಅಂದರೆ ಕರೆಂಟ್ ಬಂದಮೇಲೂ ಹಾಗೇ ಮುಂದುವರಿಸಿದೆ.

ಆಮೇಲೆ ಸ್ಕೇಲ್ ಹಿಡಿದು ಅಳತೆ ನೋಡಿದೆ. ಹನ್ನೊಂದು ಇಂಚಿನ, ಉದ್ದಕ್ಕೂ ಅಗಲಕ್ಕೂ 16:10 ಅನುಪಾತ ಇರುವ ಪರದೆ ಅಂದರೆ ಉದ್ದ ಸುಮಾರು 9.3 ಇಂಚು, ಅಗಲ 5.8 ಇಂಚು. ನಮ್ಮ ಕನ್ನಡ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಡೆಮಿ 1/8, ಅಂದರೆ ಪುಟ ಹೆಚ್ಚುಕಮ್ಮಿ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಅಡ್ಡ ಹಿಡಿದು ಎರಡು ಮಾಡಿದರೆ ಒಂದೊಂದು ಭಾಗಕ್ಕೆ ಸಿಗುವ ಅಗಲ 4.6 ಇಂಚು. ಅಲ್ಲಿ ಇಡೀ ಪುಟ ಕಾಣಬೇಕು ಅಂದರೆ ಪುಟದ ಅಗಲ ನಾಲ್ಕು ಇಂಚಿಗೂ ಕೆಳಗೆ ಇಳಿಯುತ್ತದೆ, ಒತ್ತಕ್ಷರದ ಬಾಲ ಕಾಣುವುದಿಲ್ಲ. ಉದ್ದ ಹಿಡಿದು ಮೇಲೆ ಕೆಳಗೆ ಮಾಡಿದರೆ ಪುಟಕ್ಕೆ ಪೂರ್ತಿ 5.8 ಇಂಚು ಅಗಲ ಸಿಗುತ್ತದೆ. ಅಚ್ಚಾದ ಪುಸ್ತಕಕ್ಕಿಂತ ಒಂದು ಕೂದಲೆಳೆ ದೊಡ್ಡದು! ಅರ್ಧ ಪುಟ ಮಾತ್ರ ಕಾಣುತ್ತದೆ, ನಿಜ. ಆದರೆ ನಾನು ಓದುವುದು ಸಾಲು ಸಾಲು, ಪುಟ ಪುಟ ಅಲ್ಲ. ನನಗೆ ಬೇಕಾದ್ದು ಅಗಲ, ಎತ್ತರ ಅಲ್ಲ.

ಕಣ್ಣು ಓಡುವ ದಾರಿಯೂ ಬದಲಾಗುತ್ತದೆ. ಎಡಬಲ ಇದ್ದಾಗ ಪ್ರತಿ ಸಾಲಿಗೂ ಕಣ್ಣು ಈ ತುದಿಯಿಂದ ಆ ತುದಿಗೆ ಹೋಗಿ ಬರಬೇಕು, ಬರುವಾಗ ಒಂದು ಸಾಲು ಹೆಚ್ಚುಕಮ್ಮಿ ಆಗೇ ಆಗುತ್ತದೆ. ಮೇಲೆ ಕೆಳಗೆ ಇದ್ದಾಗ ಮೂಲದ ಸಾಲನ್ನು ನಡುಗೆರೆಗೆ ತಾಗುವಷ್ಟು ಕೆಳಕ್ಕೆ ತರುತ್ತೇನೆ, ಪಠ್ಯದ ಅದೇ ಸಾಲನ್ನು ಗೆರೆಗೆ ತಾಗುವಷ್ಟು ಮೇಲಕ್ಕೆ ಒಯ್ಯುತ್ತೇನೆ. ಎರಡು ಸಾಲು ಒಂದರ ಕೆಳಗೆ ಒಂದು ನಿಲ್ಲುತ್ತವೆ. ‘ಧರ್ಮ’ದ ಅರ್ಕಾವೊತ್ತಿನ ಕೆಳಗೆ ನೇರವಾಗಿ ಕೆಳಗಿನ ‘ಧರ್ಮ’ದ ಅರ್ಕಾವೊತ್ತು ಇರಬೇಕು. ಇಲ್ಲದಿದ್ದರೆ ಓದುವ ಮೊದಲೇ ಕಣ್ಣಿಗೆ ಚುಚ್ಚುತ್ತದೆ. ಶಕಾರ ಷಕಾರ ಅದಲುಬದಲು, ಬಿಟ್ಟುಹೋದ ಅನುಸ್ವಾರ, ಎರಡು ಸಲ ಬಂದ ಪದ, ಎಲ್ಲವೂ ಹಾಗೇ ಸಿಗುತ್ತವೆ. ಇದನ್ನು ಕಂಡುಕೊಂಡ ಮೇಲೆ ನನ್ನ ವೇಗ ಜಾಸ್ತಿ ಆಯಿತು ಅನ್ನುವುದಕ್ಕಿಂತ, ಕೆಲಸದ ಮೇಲೆ ಪ್ರೀತಿ ಜಾಸ್ತಿ ಆಯಿತು ಅನ್ನಬೇಕು. ದಿನದ ಕೊನೆಗೆ ಕಣ್ಣು ಉರಿಯುವುದಿಲ್ಲ, ಕತ್ತು ಹಿಡಿಯುವುದಿಲ್ಲ.

ಬೆಳಿಗ್ಗೆ ಕಾಫಿ ಆದಮೇಲೆ ಕೂರುತ್ತೇನೆ. ಹಳೇ ಕಾಟನ್ ಸೀರೆಯ ತುಂಡಿನಿಂದ ಪರದೆ ಒರೆಸುತ್ತೇನೆ, ಬೆರಳಿನ ಗುರುತು ಇದ್ದರೆ ಅನುಸ್ವಾರವೋ ಕಲೆಯೋ ಗೊತ್ತಾಗುವುದಿಲ್ಲ. ರಾಮಾಯಣ ಓದುವಾಗ ಅತ್ತೆ ಬಳಸುತ್ತಿದ್ದ ಮರದ ವ್ಯಾಸಪೀಠದ ಮೇಲೆ ಟ್ಯಾಬ್ ಉದ್ದಕ್ಕೆ ನಿಲ್ಲಿಸುತ್ತೇನೆ, ಅದರ ಓರೆ ಎಷ್ಟು ಸರಿಯಾಗಿದೆ ಅಂದರೆ ದುಡ್ಡು ಕೊಟ್ಟು ತಂದ ಸ್ಟ್ಯಾಂಡ್ ಅಟ್ಟಕ್ಕೆ ಹೋಯಿತು. ಪಿಡಿಎಫ್ ಆಪ್ ಮತ್ತು ಪಠ್ಯ ತಿದ್ದುವ ಡಾಕ್ಸ್ ಆಪ್ ಎರಡನ್ನೂ ಒಟ್ಟಿಗೆ ತೆರೆಯುವ ಜೋಡಿ ಐಕಾನ್ ಒಂದನ್ನು ಹೋಮ್ ಸ್ಕ್ರೀನ್‌ನಲ್ಲೇ ಇಟ್ಟುಕೊಂಡಿದ್ದೇನೆ. ಸ್ಯಾಮ್‌ಸಂಗ್‌ನವರು ಈ ಸೌಲಭ್ಯವನ್ನು 2017ರ ನೋಟ್ 8 ಫೋನಿನಲ್ಲೇ ಕೊಟ್ಟಿದ್ದರು, ಆಂಡ್ರಾಯ್ಡ್ 15ರಿಂದ ಇದು ಆಂಡ್ರಾಯ್ಡ್‌ನದ್ದೇ ಆಗಿ ಬಂದಿದೆ. ಒಂದು ಸಲ ಮುಟ್ಟಿದರೆ ಎರಡೂ ತಮ್ಮ ತಮ್ಮ ಜಾಗದಲ್ಲಿ ಬಂದು ಕೂರುತ್ತವೆ. ಮೊದಲು ಗೆರೆ ಸರಿಮಾಡಿಕೊಳ್ಳುತ್ತೇನೆ, ಆಮೇಲೆ ಪುಟಕ್ಕೆ ಹೋಗುತ್ತೇನೆ. ಈ ಕ್ರಮ ಮುಖ್ಯ. ಕೆಲಸ ಮುಗಿಯುವವರೆಗೆ ಗೆರೆ ಮುಟ್ಟುವುದಿಲ್ಲ, ಆಟೋ ರೊಟೇಟ್ ಆಫ್.

ಪಿಡಿಎಫ್ ಆಪನ್ನೂ ಬದಲಾಯಿಸಿದೆ. ಹೊಸದು ಪ್ರತಿ ಫೈಲ್‌ಗೂ ನಿಂತ ಪುಟ ನೆನಪಿಟ್ಟುಕೊಳ್ಳುತ್ತದೆ, ಸಿಸ್ಟಮ್ ಮುಚ್ಚಿಹಾಕಿದರೂ ಅದೇ ಪುಟಕ್ಕೆ ವಾಪಸ್ ಬರುತ್ತದೆ. ನೀವು ಯಾವುದನ್ನಾದರೂ ಹಾಕಿಕೊಳ್ಳಿ, ಹಾಕಿದ ಕೂಡಲೇ ಒಂದು ಪರೀಕ್ಷೆ ಮಾಡಿ. ದಪ್ಪ ಪಿಡಿಎಫ್ ತೆರೆದು ನಡುವಿನ ಪುಟಕ್ಕೆ ಹೋಗಿ, ಸ್ಪ್ಲಿಟ್ ಮಾಡಿ, ಗೆರೆ ಎಳೆಯಿರಿ. ಪುಟ ನಿಂತಲ್ಲೇ ನಿಂತರೆ ಇಟ್ಟುಕೊಳ್ಳಿ.

ಮೂರನೆಯದಾಗಿ ಬೇಕಾಗುವುದು ನಿಘಂಟು. ಕಿಟ್ಟೆಲ್ ನಿಘಂಟು ಅಚ್ಚಾಗಿ (1894) ನೂರಮೂವತ್ತು ವರ್ಷ ದಾಟಿದೆ. ಹಳಗನ್ನಡದ ಉಲ್ಲೇಖ ಬಂದಾಗ ಇವತ್ತಿಗೂ ಅದನ್ನೇ ನೋಡಬೇಕು, ದಿನಬಳಕೆಗೆ ‘ಅಲರ್’ ಅನ್ನುವ ಆನ್‌ಲೈನ್ ನಿಘಂಟು ಇದೆ. ಇವನ್ನು ಬ್ರೌಸರ್‌ನಲ್ಲಿ ತೆರೆದು ತೇಲುವ ಕಿಟಕಿ ಮಾಡಿಟ್ಟುಕೊಳ್ಳುತ್ತೇನೆ, ಕೆಲಸ ಇಲ್ಲದಾಗ ಅದು ಚಿಕ್ಕ ಗುಂಡಿಯಾಗಿ ಅಂಚಿನಲ್ಲಿರುತ್ತದೆ. ಎಲ್ಲ ಟ್ಯಾಬ್‌ನಲ್ಲೂ ತೇಲುವ ಕಿಟಕಿ ಇರುವುದಿಲ್ಲ, ಕೊಳ್ಳುವ ಮುಂಚೆ ಕೇಳಿ. ವಾಟ್ಸಾಪ್‌ಗೂ ಇದೇ ಉಪಾಯ. ಜೋಡಿ ಬಿಟ್ಟು ಹೊರಗೆ ಹೋಗದಿದ್ದರೆ ಸಿಸ್ಟಮ್ ಅದನ್ನು ಮುಚ್ಚುವ ಸಂಭವವೂ ಕಮ್ಮಿ.

ಅಕ್ಕನ ಮಗಳ ಹತ್ತಿರ ಐಪ್ಯಾಡ್ ಇದೆ, ರಜೆಗೆ ಬಂದಾಗ ಅದರಲ್ಲೂ ಕೂತು ನೋಡಿದೆ. ಅದರ ಪರದೆ ನನ್ನದಕ್ಕಿಂತ ಚೌಕಕ್ಕೆ ಹತ್ತಿರ. ಹಾಗಾಗಿ ಅಡ್ಡ ಹಿಡಿದು ಎರಡು ಮಾಡಿದರೂ ಒಂದೊಂದು ಭಾಗ ಡೆಮಿ ಪುಟದ ಆಕಾರಕ್ಕೆ ಹತ್ತಿರ ಬರುತ್ತದೆ, ಪೂರ್ತಿ ಪುಟ ನೋಡುವವರಿಗೆ ಅದೇ ವಾಸಿ. 2025ರ ಐಪ್ಯಾಡ್ ಓಎಸ್ 26ರಲ್ಲಂತೂ ಕಂಪ್ಯೂಟರ್ ತರಹ ಕಿಟಕಿಗಳನ್ನು ಬೇಕಾದ ಅಳತೆಗೆ ಎಳೆದುಕೊಳ್ಳಬಹುದು. ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಪುಟಕ್ಕೆ ಇಷ್ಟು ಅಂತ ದುಡ್ಡು ಎಣಿಸುವ ಕೆಲಸ ನನ್ನದು. ಪೆನ್ನು, ಕೀಬೋರ್ಡ್ ಸೇರಿಸಿದರೆ ಅದರ ಬೆಲೆ ಹುಟ್ಟುವುದು ಯಾವಾಗ?

ಇನ್ನೂ ಸರಿಹೋಗದ ಎರಡು ತೊಂದರೆ ಇವೆ. ಟ್ಯಾಬ್ ಉದ್ದ ಇರುವಾಗ ಕೀಬೋರ್ಡ್ ಎದ್ದರೆ ಕೆಳಗಿನ ಪಠ್ಯವನ್ನೇ ಮುಚ್ಚುತ್ತದೆ, ತೇಲುವ ಕೀಬೋರ್ಡ್ ಇಲ್ಲದೆ ಇಲ್ಲಿ ಬದುಕೇ ಇಲ್ಲ. ನನ್ನದರಲ್ಲಿ ಅದು ಕೆಲವು ಸಲ ತಾನಾಗಿಯೇ ಮತ್ತೆ ಕೆಳಗೆ ಹೋಗಿ ಅಂಟಿಕೊಳ್ಳುತ್ತದೆ. ಮತ್ತೆ ಕೆಲವು ಆಪ್‌ಗಳು ಸ್ಪ್ಲಿಟ್ ಸ್ಕ್ರೀನ್‌ಗೆ ಬರುವುದೇ ಇಲ್ಲ ಅಂತ ಹಟ ಹಿಡಿಯುತ್ತವೆ. ಆಂಡ್ರಾಯ್ಡ್ 16ಕ್ಕೆ ಅಂತ ಸಿದ್ಧವಾಗುವ ಆಪ್‌ಗಳು ದೊಡ್ಡ ಪರದೆಯಲ್ಲಿ ಸಾಮಾನ್ಯವಾಗಿ ಹಾಗೆ ಹಟ ಮಾಡುವಂತಿಲ್ಲ ಅಂತ ಗೂಗಲ್ ನಿಯಮ ತಂದಿದೆ (ಆಟಗಳಿಗೆ ವಿನಾಯಿತಿ ಇದೆ). ಹಳೇ ಆಪ್‌ಗಳು ಹೊಸದಾಗುವವರೆಗೆ ಕಾಯಬೇಕು.

ಯಾರು ಕೊಳ್ಳಬಹುದು? ಎರಡು ಪಠ್ಯ ಹೋಲಿಸುವವರು, ಅನುವಾದ ಮಾಡುವವರು, ಪಾಠ ಕೇಳುತ್ತಾ ಟಿಪ್ಪಣಿ ಬರೆಯುವ ಪರೀಕ್ಷೆಯ ಮಕ್ಕಳು, ಇವರಿಗೆಲ್ಲ ಧೈರ್ಯವಾಗಿ ಹೇಳುತ್ತೇನೆ. ಹತ್ತು ಇಂಚಿಗಿಂತ ಚಿಕ್ಕದು ಬೇಡ. ಸ್ಟೋರೇಜ್ ಜಾಸ್ತಿ ಇದೆ ಅಂತ ದುಡ್ಡು ಸುರಿಯಬೇಡಿ, ಅದೇ ದುಡ್ಡನ್ನು ರ‍್ಯಾಮ್‌ಗೆ ಹಾಕಿ, ಎಂಟು ಜಿಬಿ ಇದ್ದರೆ ನಾನು ಪಟ್ಟ ಅರ್ಧ ಕಷ್ಟ ನಿಮಗೆ ಇರುವುದಿಲ್ಲ. ಅಂಗಡಿಗೆ ಹೋದಾಗ ಫೋನಿನಲ್ಲಿ ಒಂದು ಕನ್ನಡ ಪುಸ್ತಕದ ಪಿಡಿಎಫ್ ಇಟ್ಟುಕೊಂಡು ಹೋಗಿ, ಡೆಮೊ ಟ್ಯಾಬ್‌ಗೆ ಹಾಕಿಸಿ, ಉದ್ದಕ್ಕೆ ಹಿಡಿದು ಮೇಲೆ ಕೆಳಗೆ ಎರಡು ಕಿಟಕಿ ಮಾಡಿ ಕನ್ನಡಕ ಹಾಕಿಕೊಂಡೇ ಒಂದು ಪುಟ ಓದಿ ನೋಡಿ. ಅವಸರ ಮಾಡುವ ಅಂಗಡಿಯವರಿದ್ದರೆ ಪಕ್ಕದ ಅಂಗಡಿಗೆ ಹೋಗಿ.